ಬೇಸ್ ಗಿಟಾರ್ ಕೊಳ್ಳುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ್ರೀ. ಬೇಸ್ ಗಿಟಾರ್ (ತಗ್ಗು ಸ್ವರದ ಗಿಟಾರ್), ಆಂಪ್ (ಅದರ ಧ್ವನಿ ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ನೋಡಲು ಈ ಶನಿವಾರ ಕಲಬುರಗಿಯಿಂದ ಹೈದರಾಬಾದಿಗೆ ಹೊರಟಿದ್ದೇವೆ. ಬೆಳಿಗ್ಗೆ 6ಕ್ಕೆ ಕೇಂದ್ರ ಬಸ್ ನಿಲ್ದಾಣದ ಮುಂದೆ ಸೇರೋಣ.

ಸಾಮಾನ್ಯ ಬೇಸ್‌ನ ಸ್ಕೇಲ್ (ತಂತಿ ಮಿಡಿಯುವ ಭಾಗದ ಉದ್ದ) 34 ಇಂಚು. ಕೈ ಚಿಕ್ಕದಿದ್ದವರು 30 ಇಂಚಿನದನ್ನೂ ಹಿಡಿದು ನೋಡಿ. ಕಲಿಯಲು ನಾಲ್ಕು ತಂತಿ ಸಾಕು, ಐದನೆಯದು ಸುಮ್ನೆ ಖರ್ಚು (ನನ್ನ ಅಭಿಪ್ರಾಯ ಅಷ್ಟೇ!). ಬೆಲ್ಟ್ ಹಾಕಿ ನಿಂತೂ ನುಡಿಸಿ, ಕೆಲವುದರ ಕತ್ತು (ತಂತಿ ಒತ್ತುವ ಉದ್ದನೆಯ ಭಾಗ) ಕೆಳಗೆ ಜಗ್ಗುತ್ತದೆ. ಪ್ರತಿ ಫ್ರೆಟ್‌ನಲ್ಲೂ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ತಂತಿ ಒತ್ತಿ ನುಡಿಸಿ, ತಂತಿ ಝುರ್ ಅನ್ನುತ್ತದಾ ಕೇಳಿ.

ಮಾಮೂಲಿ ಗಿಟಾರ್ ಆಂಪ್‌ಗೆ ಬೇಸ್ ಜೋಡಿಸಿ ಜೋರಾಗಿ ನುಡಿಸಬೇಡಿ, ಸ್ಪೀಕರ್ ಹಾಳಾದೀತು. ಮನೆಗೆ 25 ವ್ಯಾಟ್ ಬೇಸ್ ಆಂಪ್ ಸಾಕು. ಡ್ರಮ್ಸ್ ಜೊತೆಗಾದರೆ 100ಕ್ಕಿಂತ ಜಾಸ್ತಿ ಬೇಕು.

ಬರುವವರು ಗುರುವಾರ ರಾತ್ರಿಯೊಳಗೆ ಹೆಸರು, ಬಜೆಟ್ ಇಲ್ಲೇ ತಿಳಿಸಿ. ವಾಪಸ್ ಬರುವಾಗ ಗಾಡಿಯಲ್ಲಿ ಆಂಪ್‌ಗೂ ಜಾಗ ಬೇಕಲ್ರೀ.