ಸೂಜಿ ಹಿಡಿದವರಿಗೂ ಸುತ್ತ ನಿಂತವರಿಗೂ

ಬೆನ್ನಿಗೋ ಕುತ್ತಿಗೆಗೋ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು, ನೋವಿನ ಮಾತ್ರೆ ಕಡಿಮೆ ಮಾಡಿ, ಮತ್ತೆ ಓಡಾಡಿಕೊಂಡಿರುವ ಎಲ್ಲರ ಪರವಾಗಿ ಈ ಧನ್ಯವಾದ. ಹೊಗಳಿಕೆಯೆಲ್ಲ ಸಾಮಾನ್ಯವಾಗಿ ಚುಚ್ಚಿದ ವೈದ್ಯರ ಪಾಲಿಗೆ ಹೋಗುತ್ತದೆ. ಹೋಗಲಿ, ಸಲ್ಲಬೇಕಾದದ್ದೇ. ಆದರೆ ಚುಚ್ಚುವುದು ಕೆಲವೇ ನಿಮಿಷದ ಕೆಲಸ. ಅದು ಫಲಿಸುವುದು, ಅಪಾಯವಿಲ್ಲದೆ ಮುಗಿಯುವುದು ಹೆಚ್ಚಾಗಿ ಹಿಂದೆ ಮುಂದೆ ನಡೆದ ಸಣ್ಣಪುಟ್ಟ ಕೆಲಸಗಳಿಂದ. ಯಾರು ಏನು ಮಾಡಿದರೆಂದು ಬಿಡಿಸಿ ಹೇಳದಿದ್ದರೆ ಥ್ಯಾಂಕ್ಸ್ ಅನ್ನುವುದು ಬರೀ ಉಪಚಾರವಾಗುತ್ತದೆ.

ಎಂಆರ್‌ಐ ಹಾಳೆಗಿಂತ ಮೊದಲು ರೋಗಿಯನ್ನು ಮುಟ್ಟಿ ನೋಡಿದವರಿಗೆ ಮೊದಲ ವಂದನೆ. ಯಾವ ನೋವೂ ಇಲ್ಲದವರ ಎಂಆರ್‌ಐನಲ್ಲೂ ಉಬ್ಬಿದ ಡಿಸ್ಕ್ (ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆ) ಕಾಣುವುದುಂಟು. ಚಿತ್ರವನ್ನಷ್ಟೇ ನಂಬಿ ಚುಚ್ಚಿದರೆ ಸೂಜಿ ತಪ್ಪು ಜಾಗಕ್ಕೆ ಹೋಗುತ್ತದೆ. ಮಲಗಿಸಿ ಕಾಲನ್ನು ನೇರವಾಗಿ ಎತ್ತಿದಾಗ ಸೆಳೆತ ಮಂಡಿಯ ಕೆಳಗೂ ಇಳಿಯುತ್ತದೆಯೇ, ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಬಲ ಎರಡೂ ಕಡೆ ಸಮವಿದೆಯೇ ಎಂದು ಅವರು ನೋಡಿದರು. ಬೆನ್ನುಹುರಿಯ ಹೊದಿಕೆಯ ಹೊರಗಿನ ಜಾಗಕ್ಕೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್ ಚೆನ್ನಾಗಿ ಕೆಲಸ ಮಾಡುವುದು ಡಿಸ್ಕ್ ಜಾರಿ ನರದ ಬುಡ ಊದಿಕೊಂಡು ನೋವು ಕಾಲಿಗೋ ಕೈಗೋ ಹರಿಯುವಾಗ. ಬರೀ ಸೊಂಟನೋವಿಗೆ ಅದರ ಉಪಯೋಗ ಅಷ್ಟಕ್ಕಷ್ಟೇ. ಬೆನ್ನೆಲುಬಿನ ಹಿಂಬದಿಯ ಫ್ಯಾಸೆಟ್ ಕೀಲು ನೋಯುತ್ತಿದ್ದರೆ ದಾರಿಯೇ ಬೇರೆ: ಆ ಕೀಲಿನ ಸಣ್ಣ ನರಗಳನ್ನು ಮರಗಟ್ಟಿಸಿ ಪರೀಕ್ಷಿಸಿ, ನೋವು ಇಳಿದರೆ ರೇಡಿಯೋ ತರಂಗದ ಶಾಖದಿಂದ ಅವುಗಳನ್ನು ಸುಡುವುದು. ‘ನಿಮಗೆ ಈ ಇಂಜೆಕ್ಷನ್ ಬೇಡ’ ಎಂದು ವಾಪಸ್ ಕಳಿಸಿದವರಿಗೂ ಇದೇ ವಂದನೆ ಸಲ್ಲುತ್ತದೆ.

ಮಾತ್ರೆಗಳ ಪಟ್ಟಿ ಹಿಡಿದು ಪ್ರಶ್ನೆ ಕೇಳಿದ ನರ್ಸಮ್ಮನ ಮೇಲೆ ಆ ಹೊತ್ತಿಗೆ ಸಿಟ್ಟು ಬಂದವರು ಕಡಿಮೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸದೆ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ಬೆನ್ನುಹುರಿಯನ್ನೇ ಒತ್ತಬಹುದು. ವಾರ್ಫರಿನ್ ಆದರೆ ಸುಮಾರು 5 ದಿನ ಮೊದಲು ನಿಲ್ಲಿಸಿ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಪರೀಕ್ಷೆ) ನೋಡಬೇಕು, ಕ್ಲೋಪಿಡೊಗ್ರೆಲ್ ಆದರೆ ಸಾಮಾನ್ಯವಾಗಿ 7 ದಿನ. ಅದೂ ಹೃದಯದ ವೈದ್ಯರು ಒಪ್ಪಿದ ಮೇಲೆಯೇ. ಸ್ಟೆಂಟ್ ಇರುವವರು ತಾವಾಗಿ ನಿಲ್ಲಿಸಿದರೆ ಹೃದಯಕ್ಕೇ ಕುತ್ತು. ಜ್ವರವೋ ಮೂತ್ರದ ಸೋಂಕೋ ಇದ್ದರೆ ದಿನ ಮುಂದಕ್ಕೆ ಹಾಕಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರಿಯೇ ಏರುತ್ತದೆ, ಮನೆಯಲ್ಲೇ ಪದೇಪದೇ ನೋಡಿಕೊಳ್ಳಿ ಎಂದು ಮೊದಲೇ ಹೇಳಿದವರೂ ಆಕೆಯೇ.

ಇನ್ನು ಒಳಕೋಣೆ. ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿದವರಿಗೆ ಕಾಣುವುದು ನೆಲ ಮಾತ್ರ. ತಲೆಯ ಮೇಲೆ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರ ತಿರುಗಿಸುತ್ತಿದ್ದ ತಂತ್ರಜ್ಞರ ಮುಖವನ್ನೇ ಹಲವರು ನೋಡಿಲ್ಲ. ಅವರು ಎಕ್ಸ್‌ರೇ ಕೋನವನ್ನು ಸರಿಯಾಗಿ ಓರೆ ಮಾಡಿಕೊಟ್ಟರೆ ಮಾತ್ರ ನರ ಹೊರಬರುವ ಕಿಂಡಿ ಪರದೆಯಲ್ಲಿ ತೆರೆದುಕೊಳ್ಳುತ್ತದೆ. ಸೂಜಿ ಅಲ್ಲಿಗೆ ತಲುಪಿದ ಮೇಲೆ ಮೊದಲು ಹೋಗುವುದು ಔಷಧವಲ್ಲ, ಎಕ್ಸ್‌ರೇಯಲ್ಲಿ ಕಾಣುವ ತುಸು ಡೈ. ಅದು ನರದ ಗುಂಟ ತೆಳ್ಳಗೆ ಹರಡಿ ನಿಂತರೆ ಜಾಗ ಸರಿ. ಕಣ್ಣೆದುರೇ ಹರಿದು ಮಾಯವಾದರೆ ಸೂಜಿ ರಕ್ತನಾಳದಲ್ಲಿದೆ ಎಂದರ್ಥ. ಸಿರಿಂಜ್ ಎಳೆದು ನೋಡಿದಾಗ ರಕ್ತ ಬರಲಿಲ್ಲವೆಂದು ಸುಮ್ಮನಾಗುವಂತಿಲ್ಲ. ನಾಳದಲ್ಲಿದ್ದೂ ರಕ್ತ ಬಾರದಿರಬಹುದು.

ಕುತ್ತಿಗೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಟ್ರಯಾಮ್ಸಿನೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧಗಳಲ್ಲಿ ಕಣಗಳಿರುತ್ತವೆ. ಅವು ಮಿದುಳಿಗೋ ಬೆನ್ನುಹುರಿಗೋ ಹೋಗುವ ಅಪಧಮನಿಗೆ ಸೇರಿದರೆ ಲಕ್ವ ಹೊಡೆಯಬಹುದು. ಅಂಥ ಕಡೆ ಕಣಗಳಿಲ್ಲದ ಡೆಕ್ಸಾಮೆಥಸೋನ್ ಆರಿಸಿಕೊಂಡವರಿಗೆ ನಮಸ್ಕಾರ. ಹಿಂಬದಿಯಿಂದ ಚುಚ್ಚುವಾಗ ಎಪಿಡ್ಯೂರಲ್ ಜಾಗ ತುಸು ಅಗಲವಿರುವ ಕುತ್ತಿಗೆಯ ಬುಡವನ್ನು, ಅಂದರೆ ಕುತ್ತಿಗೆಯ ಕೊನೆಯ ಮೂಳೆಗೂ ಬೆನ್ನಿನ ಮೊದಲ ಮೂಳೆಗೂ ನಡುವಿನ ಸಿ7-ಟಿ1 ಜಾಗವನ್ನು, ಹಿಡಿದವರಿಗೂ ಸಹ. ಪೂರ್ತಿ ನಿದ್ದೆ ಬರಿಸಿ ಎಂದು ಹಟ ಹಿಡಿದವರಿಗೆ ಅವರು ಒಪ್ಪಲಿಲ್ಲ. ‘ಕೈಗೆ ಕರೆಂಟ್ ಹೊಡೆದ ಹಾಗಾಯ್ತು’ ಎಂದು ರೋಗಿ ಹೇಳಿದ ಕ್ಷಣ ಸೂಜಿ ನಿಲ್ಲಬೇಕಲ್ಲ, ಅದಕ್ಕೆ.

ಔಷಧದ ಬಾಟಲಿಯನ್ನು ಶುದ್ಧವಾಗಿ ತುಂಬಿದವರನ್ನು ಯಾರೂ ನೆನೆಯುವುದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಶಿಲೀಂಧ್ರ ಸೇರಿದ ಮೀಥೈಲ್‌ಪ್ರೆಡ್ನಿಸೊಲೋನ್ ಇಂಜೆಕ್ಷನ್‌ನಿಂದ ಮೆನಿಂಜೈಟಿಸ್ (ಮಿದುಳು, ಬೆನ್ನುಹುರಿಯ ಪೊರೆಯ ಉರಿಯೂತ) ಹರಡಿ 60ಕ್ಕೂ ಹೆಚ್ಚು ಜನ ಸತ್ತರು. ಅಂಥದ್ದು ಆಗದ ಪ್ರತಿ ದಿನದ ಹಿಂದೆ ಅವರಿದ್ದಾರೆ.

ಮನೆಯವರ ಪಾಲು ಸಣ್ಣದಲ್ಲ. ಸ್ಟೀರಾಯ್ಡ್ ಜೊತೆ ಸೇರಿಸುವ ಮರಗಟ್ಟಿಸುವ ಔಷಧದಿಂದ ಆ ದಿನ ಕಾಲು ಸೋಲಬಹುದು. ಮೆಟ್ಟಿಲಲ್ಲಿ ತೋಳು ಹಿಡಿದರು, ಗಾಡಿ ಓಡಿಸಲು ಬಿಡಲಿಲ್ಲ. ಮೊದಲ ಕೆಲವು ಗಂಟೆ ಹಾಯಾಗಿದ್ದು, ಮರುದಿನ ನೋವು ವಾಪಸ್ ಬಂದಾಗ ‘ದುಡ್ಡು ದಂಡ’ ಎಂದು ಗೊಣಗಿದವರಿಗೆ ಧೈರ್ಯ ಹೇಳಿದರು. ಸ್ಟೀರಾಯ್ಡ್ ಕೆಲಸ ಶುರುಮಾಡಲು ಸಾಮಾನ್ಯವಾಗಿ 2ರಿಂದ 7 ದಿನ ಬೇಕು. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು, ಗಂಟೆ ಸಮೇತ ಬರೆದಿಟ್ಟ ಅವರ ಚೀಟಿ ವೈದ್ಯರಿಗೆ ಬಹಳ ಬೆಲೆಯದು: ಮೊದಲ ಗಂಟೆಗಳಲ್ಲೇ ನೋವು ಬಿಟ್ಟಿದ್ದರೆ ಹಿಡಿದ ನರ ಸರಿಯಾದದ್ದಿರಬಹುದು ಎಂಬ ಸುಳಿವು ಅದರಲ್ಲಿದೆ. ಮುಖ ಕೆಂಪಾಗುವುದು, ಒಂದೆರಡು ರಾತ್ರಿ ನಿದ್ದೆ ಬಾರದಿರುವುದು ತಾನಾಗಿ ಹೋಗುತ್ತದೆ. ಕೂತರೆ ಹೆಚ್ಚಿ ಮಲಗಿದರೆ ಇಳಿಯುವ ತಲೆನೋವು ಬಂದರೆ ಫೋನ್ ಮಾಡಬೇಕು. ಜ್ವರ, ಕತ್ತು ಸೆಟೆಯುವುದು, ಕೈಕಾಲಿನ ಬಲ ಕುಂದುವುದು, ಮೂತ್ರ ಕಟ್ಟುವುದು, ತೊಡೆಸಂದು ಜೋಮು ಹಿಡಿಯುವುದು, ಇವುಗಳಲ್ಲಿ ಒಂದು ಕಂಡರೂ ಫೋನಿಗೂ ಕಾಯದೆ ಆಸ್ಪತ್ರೆಗೆ ಓಡಬೇಕು. ಇದನ್ನು ಬಾಯಿಪಾಠ ಮಾಡಿಕೊಂಡು ರಾತ್ರಿ ಎದ್ದು ವಿಚಾರಿಸಿದವರಿಗೆ ಏನು ಹೇಳಿದರೂ ಸಾಲದು.

ಇಂಜೆಕ್ಷನ್ ಕೊಡುವುದು ವಾರಗಳ, ಹೆಚ್ಚೆಂದರೆ ಕೆಲವು ತಿಂಗಳ ಬಿಡುವು. ಜಾರಿದ ಡಿಸ್ಕನ್ನು ಅದು ಹಿಂದಕ್ಕೆ ತಳ್ಳುವುದಿಲ್ಲ. ಆ ಬಿಡುವಿನಲ್ಲೇ ಹೊಟ್ಟೆ, ಬೆನ್ನು, ಪೃಷ್ಠದ ಸ್ನಾಯುಗಳಿಗೆ ಬಲ ತುಂಬಿಸಿ, ‘ನೋವಿಲ್ಲವಲ್ಲ, ಇನ್ಯಾಕೆ’ ಎಂದವರನ್ನು ಮತ್ತೆ ಚಾಪೆಗೆ ಕರೆದ ಫಿಸಿಯೋಗಳಿಗೆ ದೊಡ್ಡ ಸಾಲ ಉಳಿದಿದೆ. ವರ್ಷಕ್ಕೆ ಮೂರು-ನಾಲ್ಕು ಮೀರಿದರೆ ಮೂಳೆ ಸವೆಯುತ್ತದೆ, ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಂಕಾಗುತ್ತದೆ ಎಂದು ಮುಂದಿನದನ್ನು ನಿರಾಕರಿಸಿದವರಿಗೂ ಧನ್ಯವಾದ. ಮೊದಲನೆಯದರಿಂದ ಏನೂ ಆಗದಿದ್ದಾಗ ಎರಡನೆಯದನ್ನು ಬರೆದುಕೊಡದೆ, ನೋವಿನ ಮೂಲ ಬೇರೆಡೆ ಇದೆಯೇ ಎಂದು ಮತ್ತೆ ಮಲಗಿಸಿ ಕಾಲೆತ್ತಿ ನೋಡಿದವರಿಗೂ.