ಕೇಳಿಸಿಕೊಂಡವರಿಗೆ

ನಾಲ್ಕು ತಿಂಗಳ ರಜೆಯ ಬಳಿಕ, ದೀಪಾವಳಿ ಮುಗಿದ ಸೋಮವಾರ, ಶಿವಮೊಗ್ಗದ ನಮ್ಮ ಕಚೇರಿಗೆ ಮರಳಿದ್ದೇನೆ. ಈ ನಡುವೆ ಏನೇನಾಯಿತೆಂಬುದು ಹತ್ತಿರದವರಿಗೆಲ್ಲ ತಿಳಿದಿರುವುದರಿಂದ ಅದನ್ನು ಮತ್ತೆ ಹೇಳುವುದಿಲ್ಲ. ಹೇಳಬೇಕಾಗಿರುವುದು ಋಣದ ಮಾತು.

ಸೇವಾ ಸಂಸ್ಥೆಗಳ ಸಂವಹನ ವಿಭಾಗದಲ್ಲಿ ದುಡಿಯುವವರದು ಕುರ್ಚಿಯ ಮೇಲಿನ ಹಗುರವಾದ ಕೆಲಸವೆಂಬ ಭಾವನೆ ನಮ್ಮಲ್ಲೇ ಹಲವರಿಗಿದೆ. ಮಂಗನ ಕಾಯಿಲೆಯಿಂದ ಮನೆಯವರನ್ನು ಕಳೆದುಕೊಂಡ ಕುಟುಂಬವನ್ನು ಕಂಡು ಬಂದ ಕಾರ್ಯಕರ್ತರ ದಣಿವು ಎಲ್ಲರಿಗೂ ಅರ್ಥವಾಗುತ್ತದೆ; ಆದರೆ ಅವರು ತಂದ ಧ್ವನಿಮುದ್ರಣವನ್ನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಪ್ರತಿಯೊಂದು ಸಾಲಿನ ಅಡಿಬರಹವೂ ಸರಿಯಾದ ಕ್ಷಣಕ್ಕೆ ಕೂರುವವರೆಗೆ ಹದಿನೈದು ಇಪ್ಪತ್ತು ಸಲ ಹಿಂದಕ್ಕೂ ಮುಂದಕ್ಕೂ ಓಡಿಸಿ ಕೇಳುವವರ ಗತಿಯೇನೆಂದು ವಿಚಾರಿಸುವವರು ಕಡಿಮೆ. ಸಾಗರದ ಕಡೆಯ ತಾಯಿಯೊಬ್ಬರು ಮಗನ ಹೆಸರು ಹೇಳಿ, ಮಾತು ನಿಲ್ಲಿಸಿ, ಉಸಿರೆಳೆದುಕೊಂಡ ನಾಲ್ಕು ಸೆಕೆಂಡುಗಳನ್ನು ವಿಡಿಯೊ ಉದ್ದವಾಯಿತೆಂದು ನಾನೇ ಕತ್ತರಿಸಿ ತೆಗೆದಿದ್ದೆ. ಮಾರ್ಚ್ 31ರ ವರದಿಯ ಗಡಿಬಿಡಿಯಲ್ಲಿ ಅದು ಗೊತ್ತಾಗಲಿಲ್ಲ. ಮಳೆ ಹಿಡಿದ ಮೇಲೆ ಆ ಉಸಿರು ರಾತ್ರಿಯೆಲ್ಲ ಕೇಳಿಸತೊಡಗಿತು.

ಔಷಧ ಕೊಟ್ಟು ತಾಳ್ಮೆಯಿಂದ ನೋಡಿಕೊಂಡ ವೈದ್ಯರಿಗೆ, ರಜೆಗೆ ಕಾರಣ ಕೆದಕದ ಕಾರ್ಯದರ್ಶಿಗಳಿಗೆ, ನನ್ನ ಪಾಲಿನ ಕೆಲಸವನ್ನು ಸದ್ದಿಲ್ಲದೆ ಹಂಚಿಕೊಂಡ ಗೆಳೆಯರಿಗೆ, ದಿನಾ ಬುತ್ತಿ ಕಳುಹಿಸಿದ ಪಕ್ಕದ ಮನೆಯ ಅತ್ತೆಗೆ ನಾನು ಕೃತಜ್ಞಳು.

ತೀರ್ಥಹಳ್ಳಿಯ ಅಕ್ಕನ ವಿಷಯ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಬೇರೊಂದು ಸಂಸ್ಥೆಯಲ್ಲಿ ನನ್ನದೇ ಕೆಲಸ ಮಾಡುವ ಅವರು, ಇದೇ ಕೆಲಸದವರು ಶನಿವಾರ ಸೇರುವ ನಮ್ಮ ಬಳಗದಲ್ಲಿ ಪರಿಚಯವಾದವರು. ಆಷಾಢದ ಆ ರಾತ್ರಿ ಫೋನಿನಲ್ಲಿ ನನ್ನ ಧ್ವನಿ ಕೇಳಿದವರೇ ಸಿಕ್ಕ ಬಸ್ಸು ಹತ್ತಿದರು. ಮಂಡಗದ್ದೆಯ ಬಳಿ ರಸ್ತೆಗೆ ಮರ ಬಿದ್ದು, ಮನೆ ಮುಟ್ಟುವಾಗ ಹತ್ತೂವರೆ. ಸೀರೆಯ ನೆರಿಗೆ ತೊಪ್ಪೆಯಾಗಿತ್ತು. ಕೊತ್ತಂಬರಿ ಜೀರಿಗೆಯ ಕಷಾಯ ಕಾಯಿಸಿ ಕೊಟ್ಟು, "ಮಾತಾಡ್ಲೇಬೇಕು ಅಂತೇನಿಲ್ಲ ಮಾರಾಯ್ತಿ, ನಾನು ಇಲ್ಲೇ ಇರ್ತೀನಿ" ಎಂದರು. ಆಮೇಲೆ, ಒಳಗಿನ ಹಗ್ಗದ ಮೇಲೆ ವಾರದಿಂದ ಒಣಗದೆ ಮುಗ್ಗಲು ವಾಸನೆ ಹಿಡಿದಿದ್ದ ನನ್ನ ಬಟ್ಟೆಗಳನ್ನು ಒಂದೊಂದಾಗಿ ಇಸ್ತ್ರಿ ಹಾಕಿ ಒಣಗಿಸುತ್ತ ಕೂತರು.

ನಾನು ಸತ್ತರೆ ನನ್ನ ಕಥೆಯನ್ನೂ ಯಾರೋ ಮುನ್ನೂರು ಪದಗಳಲ್ಲಿ ಬರೆದು ಮುಗಿಸುತ್ತಾರೆ ಎಂದು ಅವರ ಎದುರು ಅಂದೆ. ಅವರು ಬೆಚ್ಚಲಿಲ್ಲ, ಬುದ್ಧಿ ಹೇಳಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ನನ್ನ ಎರಡೂ ಕೈ ಹಿಡಿದುಕೊಂಡು, ಆ ತಾಯಿಯ ನಾಲ್ಕು ಸೆಕೆಂಡುಗಳ ವಿಷಯವನ್ನು ಮೊದಲಿಂದ ಕೊನೆಯವರೆಗೆ ಕೇಳಿದರು. ವರ್ಷಗಳಿಂದ ಜನರ ನೋವು ಕೇಳುತ್ತ, ಇದರಲ್ಲಿ ಯಾವ ಸಾಲು ಶೀರ್ಷಿಕೆಗೆ ಹೊಂದೀತೆಂದು ಒಳಗೊಳಗೇ ಗುರುತು ಹಾಕಿಕೊಂಡು ಬಂದವಳು ನಾನು. ಏನನ್ನೂ ಬರೆದುಕೊಳ್ಳದೆ ಕೇಳುವ ಮುಖವನ್ನು ಅಷ್ಟು ಹತ್ತಿರದಿಂದ ಅಂದೇ ಕಂಡದ್ದು. ಬೆಳಗಿನ ಜಾವ ಮೂರಕ್ಕೆ ತಮ್ಮೊಬ್ಬರಿಂದ ಸಾಲದೆಂದು ಅರಿತು, ಅವರೇ 14416ಕ್ಕೆ ಕರೆ ಮಾಡಿ ಫೋನನ್ನು ನನ್ನ ಕೈಗಿತ್ತರು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಆ ಸಂಖ್ಯೆಯನ್ನು ಎಷ್ಟೋ ಕರಪತ್ರಗಳ ಕೆಳಗೆ ನಾನೇ ಅಚ್ಚು ಹಾಕಿಸಿದ್ದೇನೆ. ಅದು ನನಗಾಗಿಯೂ ಇದೆಯೆಂದು ಹೊಳೆದೇ ಇರಲಿಲ್ಲ. ಆ ಕಡೆಯವರು ಕನ್ನಡದಲ್ಲಿ ಮಾತಾಡಿಸಿದರು. ಬೆಳಗಾದ ಮೇಲೆ ಅಕ್ಕನೇ ಆಸ್ಪತ್ರೆಗೆ ಕರೆದೊಯ್ದರು.

ಡಿಸೆಂಬರ್ ಬಂದರೆ ಮಂಗನ ಕಾಯಿಲೆಯ ಕಾಲ ಮತ್ತೆ ಶುರು. ಸಾವಿನ ಧ್ವನಿಮುದ್ರಣವನ್ನು ಯಾರೂ ಒಬ್ಬರೇ ಕೂತು ಕೇಳಬಾರದೆಂದು ನಮ್ಮ ಬಳಗ ಈಗ ಕಟ್ಟು ಮಾಡಿಕೊಂಡಿದೆ. ಪಕ್ಕದಲ್ಲಿ ಕೂರುವ ಮೊದಲ ಪಾಳಿಗೆ ನನ್ನ ಹೆಸರು ಬರೆಸಿದ್ದೇನೆ ಅಕ್ಕಾ. ಆ ತಾಯಿಯ ವಿಡಿಯೊವನ್ನೂ ತೆರೆದು, ನಾಲ್ಕು ಸೆಕೆಂಡುಗಳನ್ನು ಇದ್ದಲ್ಲಿಗೇ ಸೇರಿಸಿದ್ದೇನೆ.