ಡಯಾಲಿಸಿಸ್‌ಗೆ ರಾತ್ರಿ ಪಾಳಿ ಕೊಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಕಿಡ್ನಿ ಕೆಟ್ಟು, ಆರು ವರ್ಷದಿಂದ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ, ಮಾಡಿಸಿಕೊಳ್ಳುತ್ತಿದ್ದೇನೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ ನನ್ನದು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆ. ಉಳಿದ ಮೂರು ದಿನದ್ದಷ್ಟೇ ಸಂಬಳ. ಇಷ್ಟು ದಿನ ಸಹಿಸಿಕೊಂಡೆ. ಕಳೆದ ತಿಂಗಳು ಆಗಿದ್ದನ್ನು ಮಾತ್ರ ನುಂಗಿಕೊಳ್ಳಲು ಆಗುತ್ತಿಲ್ಲ.

ನಾನು ಹೋಗುವ ಸರ್ಕಾರಿ ಆಸ್ಪತ್ರೆಯಲ್ಲಿ ಅವತ್ತು ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಕೆಟ್ಟಿತ್ತು. ಒಬ್ಬರಿಗೆ ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು, ನಿಮಗೆ ಗೊತ್ತಿರುವುದೇ. ಬೆಳಗ್ಗೆ ಆರಕ್ಕೆ ಹೋದವರನ್ನು ಮೂರು ಗಂಟೆವರೆಗೆ ಬೆಂಚಿನ ಮೇಲೆ ಕೂರಿಸಿ, ಕೊನೆಗೆ "ನಾಳೆ ಬನ್ನಿ" ಅಂದರು. ಆ ರಾತ್ರಿ ಮೈಯಲ್ಲಿ ನೀರು ತುಂಬಿಕೊಂಡು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ಬೆಳಗು ಮಾಡಿದೆ. ಹೆಂಡತಿ ಬೆನ್ನು ಸವರುತ್ತಾ ಪಕ್ಕದಲ್ಲೇ ಇದ್ದಳು. ಮಾರನೇ ದಿನ ಹೋದಾಗ, ಹೀಗೆ ದಿನ ತಪ್ಪಿದರೆ ಕೆಲಸ ಹೋಗುತ್ತದೆ, ಸಂಜೆ ಮೇಲೆ ಮಾಡಲು ಆಗಲ್ವಾ ಅಂತ ಕೇಳಿದೆ. ಸಿಕ್ಕ ಉತ್ತರ: "ಈ ಕಾಯಿಲೆ ಇಟ್ಕೊಂಡು ಕೆಲಸ ಯಾಕ್ರೀ? ಸುಮ್ನೆ ಮನೇಲಿರಿ."

ಸ್ವಾಮಿ, ಸುಮ್ನೆ ಮನೇಲಿ ಎಷ್ಟು ವರ್ಷ ಇರಲಿ? ಕಿಡ್ನಿ ಕಸಿಗೆ, ಅಂಗಾಂಗ ದಾನ ನೋಡಿಕೊಳ್ಳುವ ರಾಜ್ಯದ ಸಂಸ್ಥೆ ಜೀವಸಾರ್ಥಕತೆಯಲ್ಲಿ ಹೆಸರು ನೋಂದಾಯಿಸಿದ್ದೇನೆ. ಸರದಿ ಯಾವಾಗ ಬರುತ್ತದೋ, ಅಷ್ಟರಲ್ಲಿ ನಾನು ಇರುತ್ತೇನೋ ಇಲ್ಲವೋ. ಫೋನು ದಿಂಬಿನ ಪಕ್ಕದಲ್ಲೇ ಇಟ್ಟು ಮಲಗುತ್ತೇನೆ. ಪ್ರೆಸ್ಸಿಗೆ ಹೋದ ದಿನ ಮಾತ್ರ ಅದು ನೆನಪಾಗುವುದಿಲ್ಲ. ಎಡಗೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ ಜಾಗ, ಜುಮ್ ಅಂತ ಮಿಡಿಯುತ್ತಲೇ ಇರುತ್ತದೆ. ಬಲಗೈಯಲ್ಲಿ ಕೆಂಪು ಪೆನ್ನು. ಬಿಟ್ಟುಹೋದ ಒಂದು ಒತ್ತಕ್ಷರ ಕಣ್ಣಿಗೆ ಬಿದ್ದರೆ ಈಗಲೂ ಖುಷಿಯಾಗುತ್ತದೆ. ನನಗೆ ದಿನಕ್ಕೆ ಒಂದೇ ಲೀಟರ್ ನೀರು ಅಂತ ಡಾಕ್ಟರು ಹೇಳಿದ್ದಾರೆ. ಪುಟ ತಿದ್ದುತ್ತಾ ಕೂತರೆ ಬಾಯಾರಿಕೆಯೂ ಮರೆತುಹೋಗುತ್ತದೆ. ಇದನ್ನೂ ಬಿಡು ಅಂದರೆ ಬದುಕಿ ಏನು ಮಾಡಲಿ?

ಅದಕ್ಕೇ ಕೇಳುತ್ತಿದ್ದೇನೆ, ರಾತ್ರಿ ಪಾಳಿ ಶುರು ಮಾಡಿ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲೇ ಬಂತು. ಬಡವರಿಗೆ ಉಚಿತವಾಗಿ ಸಿಗುತ್ತಿದೆ, ಆ ಋಣ ನನ್ನ ಮೇಲೂ ಇದೆ. ಆದರೆ ನಮ್ಮಲ್ಲಿ ಸಂಜೆ ಆರಕ್ಕೆ ಯಂತ್ರಗಳ ಕೋಣೆಗೆ ಬೀಗ ಬೀಳುತ್ತದೆ. ಬೆಂಗಳೂರಿನಲ್ಲಿ ರಾತ್ರಿಯಿಡೀ ಎಷ್ಟೋ ಆಫೀಸು ನಡೆಯುತ್ತವೆ, ಇದೊಂದು ಯಾಕೆ ನಡೆಯಬಾರದು? ಹೊಸ ಕಟ್ಟಡ ಬೇಡ. ಇನ್ನಿಬ್ಬರು ಟೆಕ್ನಿಷಿಯನ್, ಒಬ್ಬ ಡಾಕ್ಟರ್, ಒಬ್ಬ ನರ್ಸ್ ಕೊಡಿ. ರಾತ್ರಿ ಪಾಳಿ ಕೊಡಿ.

ಪಕ್ಕದ ಬೆಡ್ಡಿನಲ್ಲಿ ಆಟೋ ಓಡಿಸುವವರಿದ್ದಾರೆ, ಅವರದ್ದೂ ಇದೇ ಕೋರಿಕೆ. ಎದುರು ಬೆಡ್ಡಿನ ಗಾರ್ಮೆಂಟ್ಸ್ ಹೆಣ್ಣುಮಗಳು ಆಗಲೇ ಕೆಲಸ ಬಿಟ್ಟಾಯಿತು.

ರಾತ್ರಿ ಪಾಳಿ ಯಾವತ್ತಿನಿಂದ ಅಂತ ದಯವಿಟ್ಟು ತಿಳಿಸಿ. ಬರುವ ಸೋಮವಾರ ಬೆಳಗ್ಗೆ ಆರಕ್ಕೆ ನಾನು ಅದೇ ಬೆಂಚಿನ ಮೇಲೆ ಇರುತ್ತೇನೆ.

ಇಂತಿ,
ಒಬ್ಬ ಡಯಾಲಿಸಿಸ್ ರೋಗಿ
ಶ್ರೀನಗರ, ಬೆಂಗಳೂರು